ಎಷ್ಟು ಪಾಯಿಂಟ್ ಬರೀಬೇಕು ಮಿಸ್?

ಎಂಟನೇ ತರಗತಿ, ಊಟ ಮುಗಿದ ಮೇಲಿನ ಮೊದಲ ಪೀರಿಯಡ್. ಸಮಾಜದ ಸರ್ ಅವತ್ತು ರಜೆ. ಕ್ಲಾಸ್ ನೋಡಿಕೊಳ್ಳಲು ನನ್ನನ್ನು ಕಳಿಸಿದ್ದರು. ನಾನು ಬಿ.ಎಡ್. ವಿದ್ಯಾರ್ಥಿನಿ, ಇಂಟರ್ನ್‌ಶಿಪ್‌ಗೆಂದು ಆ ಶಾಲೆಗೆ ಹೋಗಿದ್ದೆ. ಇದ್ದಕ್ಕಿದ್ದ ಹಾಗೆ ಪಾಠ ಮಾಡುವಂತಿಲ್ಲ, ನಲವತ್ತೆರಡು ಮಕ್ಕಳನ್ನು ಸುಮ್ನೆ ಕೂರಿಸೋಕೂ ಆಗಲ್ಲ. ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: 'ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು?'

ಉತ್ತರ ಬರಲಿಲ್ಲ. ಪ್ರಶ್ನೆ ಬಂತು. "ಮಿಸ್, ಇದು ಎಕ್ಸಾಮಲ್ಲಿ ಬರುತ್ತಾ?" ಇಲ್ಲ ಅಂದೆ. "ಮತ್ತೆ ಎಫ್‌ಎಗಾ?" ವರ್ಷದ ನಡುವೆ ನಡೆಯುವ ಆ ಮೌಲ್ಯಮಾಪನಕ್ಕೂ ಅಲ್ಲ ಅಂದೆ. ಮುಂದಿನ ಬೆಂಚಿನ ಹುಡುಗಿ ಆಗಲೇ ಸ್ಕೇಲ್ ಇಟ್ಟು ಮಾರ್ಜಿನ್ ಎಳೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಎಷ್ಟು ಪಾಯಿಂಟ್ ಬರೀಬೇಕು ಮಿಸ್?"

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಹಿಂದಿನ ಸೆಮಿಸ್ಟರಿನಲ್ಲಿ 'ಸೃಜನಶೀಲತೆಯ ಲಕ್ಷಣಗಳನ್ನು ವಿವರಿಸಿ' ಎಂಬ ಪ್ರಶ್ನೆಗೆ ಎಂಟು ಪಾಯಿಂಟ್ ಬರೆದು ಬಂದವಳು ನಾನೇ ಅಲ್ವಾ? ಎಂಟೂ ಗೈಡಿನಲ್ಲಿದ್ದವು. ಒಳ್ಳೆಯ ಮಾರ್ಕ್ಸೂ ಬಂತು.

ಇಟ್ಟಿಗೆಗೆ ಬರೋಣ. ಎಷ್ಟು ಬೇಕಾದರೂ ಬರೆಯಿರಿ, ನಾನು ತಿದ್ದುವುದಿಲ್ಲ ಎಂದು ಎರಡು ಸಲ ಹೇಳಿದ ಮೇಲೆ ಪೆನ್ನುಗಳು ಓಡತೊಡಗಿದವು. ಮನೆ ಕಟ್ಟಬಹುದು, ಗೋಡೆ ಕಟ್ಟಬಹುದು, ಕಾಂಪೌಂಡ್ ಕಟ್ಟಬಹುದು ಎಂದು ಹೆಚ್ಚಿನವರು ಶುರು ಮಾಡಿದರು. ಐದನೆಯದರ ಹೊತ್ತಿಗೆ ದಾರಿ ಬದಲಾಯಿತು. ಮೂರು ಇಟ್ಟಿಗೆ ಇಟ್ಟು ಒಲೆ. ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ. ಕ್ರಿಕೆಟ್‌ಗೆ ವಿಕೆಟ್. ಪುಡಿ ಮಾಡಿ ಅಡುಗೆ ಆಟದಲ್ಲಿ ಖಾರದ ಪುಡಿ. ಒಬ್ಬಳು ಬರೆದಳು: 'ನೀರಿನ ಕ್ಯೂನಲ್ಲಿ ಕೊಡದ ಬದಲು ಇಟ್ಟು ಮನೆಗೆ ಹೋಗಿ ಬರಬಹುದು.' ಇದು ಯಾವ ಗೈಡಿನಲ್ಲೂ ಇಲ್ಲ. ಇರುವುದು ಅವಳ ಬೀದಿಯಲ್ಲಿ.

ಪ್ರಶ್ನೆ ನನ್ನದಲ್ಲ, ಗಿಲ್ಫರ್ಡ್ ಅವರದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆ.ಪಿ. ಗಿಲ್ಫರ್ಡ್ 1950ರಲ್ಲಿ ತಮ್ಮ ಸಂಘದ ಅಧ್ಯಕ್ಷರಾಗಿ ಒಂದು ಭಾಷಣ ಮಾಡಿದರು. ಮನಶ್ಶಾಸ್ತ್ರದ ಸುಮಾರು 1,21,000 ಬರಹಗಳ ಪಟ್ಟಿಯನ್ನು ಜಾಲಾಡಿದರೆ ಸೃಜನಶೀಲತೆಗೆ ಸಂಬಂಧಪಟ್ಟವು ಬರೀ 186 ಸಿಕ್ಕವು ಎಂದು ಅದರಲ್ಲಿ ದೂರಿದರು. ಬುದ್ಧಿಮತ್ತೆಯ ಪರೀಕ್ಷೆಗಳು ಒಂದೇ ಸರಿಯುತ್ತರದ ಕಡೆಗೆ ಹೋಗುವ ಯೋಚನೆಯನ್ನು ಅಳೆಯುತ್ತವೆ, ಹಲವು ಕಡೆಗೆ ಕವಲೊಡೆಯುವ ಯೋಚನೆಯನ್ನು ಅಳೆಯುವುದಿಲ್ಲ ಎನ್ನುವುದು ಅವರ ತಕರಾರು. ಅದಕ್ಕೇ ಇಟ್ಟಿಗೆಯಂಥ ದಿನಬಳಕೆಯ ವಸ್ತು ಕೊಟ್ಟು ಉಪಯೋಗ ಕೇಳುವ ಪರೀಕ್ಷೆ ಮಾಡಿದರು. ಅದರಲ್ಲಿ ನೋಡುವುದು ಇಷ್ಟು: ಎಷ್ಟು ಉತ್ತರ ಬಂದವು, ಎಷ್ಟು ಬಗೆಯವು, ಅವು ಎಷ್ಟು ಅಪರೂಪ, ಎಷ್ಟು ವಿವರವಾಗಿವೆ. ಮನೆ, ಗೋಡೆ, ಕಾಂಪೌಂಡ್ ಎಂದು ಬರೆದರೆ ಉತ್ತರ ಮೂರು, ಬಗೆ ಒಂದೇ. ಒಲೆ, ವಿಕೆಟ್, ಖಾರದ ಪುಡಿ ಎಂದರೆ ಮೂರೂ ಬೇರೆ ಬೇರೆ ಬಗೆ.

ಸೃಜನಶೀಲತೆ ಎಂದ ಕೂಡಲೇ ನಮ್ಮ ಶಾಲೆಗಳಲ್ಲಿ ಕಣ್ಣು ಹೋಗುವುದು ಡ್ರಾಯಿಂಗ್, ಡ್ಯಾನ್ಸ್, ಪ್ರತಿಭಾ ಕಾರಂಜಿಯ ಕಡೆಗೆ. ಅವು ಬೇಕು, ಬೇಡ ಎನ್ನುವುದಿಲ್ಲ. ಆದರೆ ಹಾಗೆ ಪ್ರತ್ಯೇಕ ಕೋಣೆ ಕೊಟ್ಟುಬಿಟ್ಟರೆ ಗಣಿತ, ವಿಜ್ಞಾನ, ಸಮಾಜದ ಪೀರಿಯಡ್ಡಿಗೆ ಅದು ಬರುವುದೇ ಇಲ್ಲ. ಈ ವಿಷಯ ಓದುವವರು ಸೃಜನಶೀಲತೆಗೆ ಸಾಮಾನ್ಯವಾಗಿ ಎರಡು ಷರತ್ತು ಹಾಕುತ್ತಾರೆ. ಮಾಡಿದ್ದು ಹೊಸದಾಗಿರಬೇಕು, ಕೆಲಸಕ್ಕೂ ಬರಬೇಕು. 'ಇಟ್ಟಿಗೆಯನ್ನು ತಿನ್ನಬಹುದು' ಎಂದರೆ ಹೊಸದೇ, ಕೆಲಸಕ್ಕೆ ಬಾರದು. ಹೊಸದು ಎಂದರೆ ಲೋಕಕ್ಕೇ ಹೊಸದಾಗಬೇಕೆಂದೂ ಇಲ್ಲ. ಆ ಮಗುವಿಗೆ ಹೊಸದಾದರೆ ಸಾಕು.

ನನ್ನದೇ ಒಂದು ಕತೆ ಹೇಳಬೇಕು. ಆರನೇ ಕ್ಲಾಸಿನಲ್ಲಿ 98 × 25 ಎಂಬ ಲೆಕ್ಕ ಬಂತು. 100 ಇಪ್ಪತ್ತೈದು 2500, ಅದರಲ್ಲಿ ಎರಡು ಇಪ್ಪತ್ತೈದು ಹೋದರೆ 2450 ಎಂದು ತಲೆಯಲ್ಲೇ ಮಾಡಿ ಬರೆದೆ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಟ್‌ಬುಕ್ಕಿನಲ್ಲಿ ವಾಪಸ್ ಬಂದದ್ದು ಕೆಂಪು ಇಂಕಿನ ಅಡ್ಡಗೆರೆ ಮತ್ತು ಎರಡು ಪದ: 'ಸ್ಟೆಪ್ಸ್ ಎಲ್ಲಿ?' ಆ ಶಿಕ್ಷಕಿಯ ಮೇಲೆ ಈಗ ಸಿಟ್ಟಿಲ್ಲ. ಅವರ ಮೇಜಿನ ಮೇಲೆ ಅರವತ್ತು ನೋಟ್‌ಬುಕ್ಕಿತ್ತು. ನಕಲು ಹೊಡೆದವಳಿಗೂ ತಲೆಯಲ್ಲಿ ಮಾಡಿದವಳಿಗೂ ಇರುವ ವ್ಯತ್ಯಾಸ ಬರೀ ಉತ್ತರ ನೋಡಿದರೆ ಕಾಣುವುದಿಲ್ಲ. ಆದರೆ ನಾನು ಅವತ್ತು ಕಲಿತದ್ದು ಗುಣಾಕಾರ ಅಲ್ಲ. ಲೆಕ್ಕ ಎಂದರೆ ಅವರು ಮಾಡಿದ ಹಾಗೆ ಮಾಡಿ ತೋರಿಸುವುದು ಎಂದು ಕಲಿತೆ. ಆಮೇಲೆ ಬಹಳ ವರ್ಷ ಶಾರ್ಟ್‌ಕಟ್ ಹುಡುಕಲಿಲ್ಲ.

ತರಗತಿಯಲ್ಲಿ ಕೊಡುವ ಪ್ರತಿಯೊಂದು ಅಂಕ, ಸ್ಟಾರ್, ಅಡ್ಡಗೆರೆ, 'ಗುಡ್' ಎಂಬ ಸಹಿ, ಎಲ್ಲವೂ ಮಗುವಿಗೆ ಒಂದು ಸುದ್ದಿ ಮುಟ್ಟಿಸುತ್ತದೆ. ಈ ಕೆಲಸ ಯಾವುದಕ್ಕಾಗಿ ಎಂಬ ಸುದ್ದಿ. ಪ್ರೇರಣೆಯ ಬಗ್ಗೆ ಓದಿದ್ದರಲ್ಲಿ ನನಗೆ ನಿಜವಾಗಿ ಅರ್ಥವಾದದ್ದು ಇದೊಂದೇ. ಉಳಿದದ್ದನ್ನು ಇದರ ಸುತ್ತಲೇ ಹೇಳುತ್ತೇನೆ.

1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬಿ.ಎಡ್. ಓದುವವರಿಗೆಲ್ಲ ಗೊತ್ತಿರಬೇಕಾದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮಾಡಿದ್ದು. ಮೂರರಿಂದ ಐದು ವರ್ಷದ ಪುಟಾಣಿಗಳು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯಲು ಇಷ್ಟಪಡುವವರನ್ನೇ ಆರಿಸಿಕೊಂಡರು, 51 ಮಕ್ಕಳು. ಒಂದು ಗುಂಪಿಗೆ ಮೊದಲೇ ಹೇಳಿದರು: ಚಿತ್ರ ಬರೆದರೆ ಬಂಗಾರದ ಸ್ಟಾರ್, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ. ಎರಡನೇ ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ.

ಒಂದೆರಡು ವಾರ ಬಿಟ್ಟು ಮತ್ತೆ ಪೆನ್ನುಗಳನ್ನು ತರಗತಿಯಲ್ಲಿ ಇಟ್ಟರು. ಈ ಸಲ ಬಹುಮಾನದ ಮಾತೇ ಇಲ್ಲ, ಯಾರು ಬೇಕಾದರೂ ಬರೆಯಬಹುದು. ಕನ್ನಡಿಯ ಹಿಂದೆ ಕೂತು ಹೊತ್ತು ಲೆಕ್ಕ ಹಾಕಿದರು. ಏನೂ ಸಿಗದ ಮಕ್ಕಳು ತಮ್ಮ ಬಿಡುವಿನ ಶೇ 16.7 ಭಾಗ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಸಿಕ್ಕವರು ಶೇ 18.1. ಮೊದಲೇ ಆಸೆ ತೋರಿಸಿದ್ದ ಮಕ್ಕಳು ಶೇ 8.6 ಮಾತ್ರ. ಹೆಚ್ಚುಕಡಿಮೆ ಅರ್ಧ.

ಸರ್ಟಿಫಿಕೇಟ್ ಎರಡು ಗುಂಪಿಗೂ ಸಿಕ್ಕಿತ್ತು, ನೋಡಿ. ತಪ್ಪು ಸರ್ಟಿಫಿಕೇಟಿನಲ್ಲಿಲ್ಲ. 'ಬರೆದರೆ ಕೊಡುತ್ತೇನೆ' ಎಂಬ ಕರಾರಿನಲ್ಲಿದೆ. ಆಟವಾಗಿದ್ದ ಚಿತ್ರ ಕರಾರು ಬಂದ ಕೂಡಲೇ ಕೂಲಿಯಾಯಿತು. ಕೂಲಿ ನಿಂತ ಮೇಲೆ ಯಾರು ಕೆಲಸಕ್ಕೆ ಹೋಗುತ್ತಾರೆ?

ಹಾಗಾದರೆ ಬಹುಮಾನವೇ ಕೆಟ್ಟದ್ದಾ? ಅಷ್ಟು ಸುಲಭ ಇಲ್ಲ. ಈ ಬಗ್ಗೆ ವಿದ್ವಾಂಸರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಎಡ್ವರ್ಡ್ ಡೆಸಿ, ರಿಚರ್ಡ್ ಕೋಸ್ಟ್ನರ್, ರಿಚರ್ಡ್ ರಯಾನ್ 1999ರಲ್ಲಿ ಇಂಥ 128 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಲೆಕ್ಕ ತೆಗೆದರು. ಮೊದಲೇ ಗೊತ್ತಿದ್ದು ಕೈಗೆ ಸಿಗುವ ಬಹುಮಾನ ಆಸಕ್ತಿಯನ್ನು ತಗ್ಗಿಸಿತ್ತು. ಹೇಳದೇ ಕೊಟ್ಟದ್ದು ತಗ್ಗಿಸಿರಲಿಲ್ಲ. ಬಾಯಿಮಾತಿನ ಮೆಚ್ಚುಗೆ ಕಾಲೇಜು ವಿದ್ಯಾರ್ಥಿಗಳಲ್ಲಿ ಆಸಕ್ತಿಯನ್ನು ಹೆಚ್ಚಿಸಿತ್ತು. ಇದೆಲ್ಲ ಮೊದಲೇ ಇಷ್ಟವಿದ್ದ ಕೆಲಸದ ಮಾತು ಎಂಬುದನ್ನು ಮರೆಯಬಾರದು. ಮಗ್ಗಿ ಬಾಯಿಪಾಠ ಮಾಡುವ ಇಷ್ಟ ಹುಟ್ಟಿನಿಂದಲೇ ಇರುವ ಮಗುವನ್ನು ನಾನಂತೂ ನೋಡಿಲ್ಲ. ಇಲ್ಲದ ಇಷ್ಟವನ್ನು ಪೆಪ್ಪರ್‌ಮೆಂಟ್ ಕೊಲ್ಲಲಾರದು.

ಬಹುಮಾನ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂದು ತೋರಿಸಲು ಮೇಣದಬತ್ತಿಯ ಒಗಟು ಚೆನ್ನಾಗಿದೆ. ಕಾರ್ಲ್ ಡುಂಕರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞನದು. ಮೇಜಿನ ಮೇಲೆ ಒಂದು ಮೇಣದಬತ್ತಿ, ಒಂದು ಡಬ್ಬಿ ತುಂಬ ಬೋರ್ಡ್ ಪಿನ್ನು, ಒಂದು ಬೆಂಕಿಪೊಟ್ಟಣ. ಮೇಣ ಕೆಳಗೆ ತೊಟ್ಟಿಕ್ಕದ ಹಾಗೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಜನ ಬತ್ತಿಗೇ ಪಿನ್ನು ಚುಚ್ಚುತ್ತಾರೆ, ಮೇಣ ಕರಗಿಸಿ ಅಂಟಿಸಲು ನೋಡುತ್ತಾರೆ. ಉಪಾಯ ಇರುವುದು ಡಬ್ಬಿಯಲ್ಲಿ. ಪಿನ್ನು ಸುರಿದು, ಖಾಲಿ ಡಬ್ಬಿಯನ್ನು ಗೋಡೆಗೆ ಚುಚ್ಚಿ, ಅದರ ಮೇಲೆ ಬತ್ತಿ ಇಡಬೇಕು. ಪಿನ್ನು ತುಂಬಿರುವ ತನಕ ಅದು ಡಬ್ಬಿಯಾಗಿಯೇ ಕಾಣುತ್ತದೆ, ಹಲಗೆಯಾಗಿ ಕಾಣುವುದಿಲ್ಲ.

1962ರಲ್ಲಿ ಸ್ಯಾಮ್ ಗ್ಲಕ್ಸ್‌ಬರ್ಗ್ ಇದಕ್ಕೆ ದುಡ್ಡು ಸೇರಿಸಿದರು. ಬೇಗ ಬಿಡಿಸಿದವರಿಗೆ ಡಾಲರ್ ಬಹುಮಾನ. ದುಡ್ಡಿನ ಆಸೆ ಇದ್ದವರು ಬೇಗ ಬಿಡಿಸಲಿಲ್ಲ. ಬಹುಮಾನವಿಲ್ಲದವರಿಗಿಂತ ಸರಾಸರಿ ಮೂರೂವರೆ ನಿಮಿಷ ಜಾಸ್ತಿ ತಗೊಂಡರು. ಆದರೆ ಪಿನ್ನುಗಳನ್ನು ಮೊದಲೇ ಹೊರಗೆ ಸುರಿದು ಖಾಲಿ ಡಬ್ಬಿ ಇಟ್ಟಾಗ ಕತೆ ತಿರುಗಿತು. ಆಗ ದುಡ್ಡಿನವರೇ ಮುಂದೆ. ದಾರಿ ಕಾಣುತ್ತಿದ್ದರೆ ಬಹುಮಾನ ಓಡಿಸುತ್ತದೆ. ದಾರಿಯನ್ನೇ ಹುಡುಕಬೇಕಾದಾಗ ಅದು ಕುದುರೆಯ ಕಣ್ಣಿಗೆ ಕಟ್ಟುವ ಪಟ್ಟಿಯಾಗುತ್ತದೆ.

ನಮ್ಮ ಎಸ್‌ಎಸ್‌ಎಲ್‌ಸಿ ವರ್ಷವನ್ನು ನೆನೆದರೆ ಇದು ಸರಿಯಾಗಿ ಕೂರುತ್ತದೆ. 625 ಅಂಕ, ಮಾದರಿ ಪ್ರಶ್ನೆಪತ್ರಿಕೆ, ಬ್ಲೂಪ್ರಿಂಟ್, ಯಾವ ಪಾಠದಿಂದ ಎಷ್ಟು ಮಾರ್ಕ್ಸಿಗೆ ಎಂಬ ಲೆಕ್ಕ. ಖಾಲಿ ಡಬ್ಬಿಯನ್ನು ಮುಂದೆ ಇಟ್ಟುಕೊಟ್ಟ ಹಾಗೆ. ಆ ಓಟಕ್ಕೆ ಅಂಕದ ಆಸೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸುಳ್ಳು ಯಾಕೆ ಹೇಳಲಿ. ನನಗೂ ಮಾಡಿತ್ತು. ತೊಂದರೆ ಏನೆಂದರೆ, ಒಂದನೇ ಕ್ಲಾಸಿನಿಂದಲೇ ಎಲ್ಲ ಕೆಲಸವನ್ನೂ ಆ ಓಟದ ಹಾಗೆ ಮಾಡಿಸುವುದು.

ಅಂಕದ ಬಗ್ಗೆ ನನ್ನನ್ನು ಹೆಚ್ಚು ಕಾಡಿದ್ದು ರೂತ್ ಬಟ್ಲರ್ ಎಂಬುವರು ಇಸ್ರೇಲಿನ ಶಾಲೆಗಳಲ್ಲಿ ಮಾಡಿ 1988ರಲ್ಲಿ ಪ್ರಕಟಿಸಿದ ಕೆಲಸ. ಐದು, ಆರನೇ ತರಗತಿಯ ಮಕ್ಕಳು ಮಾಡಿದ್ದಕ್ಕೆ ಕೆಲವರಿಗೆ ಅಂಕ ಮಾತ್ರ ಕೊಟ್ಟರು. ಕೆಲವರಿಗೆ ಏನು ಚೆನ್ನಾಗಿದೆ, ಏನು ಸರಿಹೋಗಬೇಕು ಎಂಬ ಮಾತು ಮಾತ್ರ. ಉಳಿದವರಿಗೆ ಎರಡೂ. ಮಾತು ಮಾತ್ರ ಸಿಕ್ಕವರ ಆಸಕ್ತಿಯೂ ಕೆಲಸವೂ ಮೇಲೇರಿತು. ಎರಡೂ ಸಿಕ್ಕವರಿಗೆ ಎರಡರ ಲಾಭವೂ ಸಿಗಬೇಕಿತ್ತಲ್ಲ? ಸಿಗಲಿಲ್ಲ. ಅವರೂ ಅಂಕ ಮಾತ್ರ ಸಿಕ್ಕವರ ಹಾಗೇ ಉಳಿದರು. ಅಂಕ ಕಂಡ ಮೇಲೆ ಮಾತನ್ನು ಓದುವವರು ಯಾರು? ನೀವು ಓದಿದ್ದಿರಾ? ನಾನಂತೂ ಪೇಪರ್ ಕೈಗೆ ಬಂದ ಕೂಡಲೇ ಬಲಮೂಲೆ ನೋಡಿ, ಪಕ್ಕದವಳ ಬಲಮೂಲೆ ನೋಡಿ, ಮಡಚಿ ಬ್ಯಾಗಿಗೆ ಹಾಕುತ್ತಿದ್ದೆ.

ಇಂಟರ್ನ್‌ಶಿಪ್‌ನಲ್ಲಿ ಇದನ್ನು ಮಾಡಿಯೇ ನೋಡೋಣ ಎನಿಸಿತು. ಒಂದು ಪ್ರಬಂಧಕ್ಕೆ ಅಂಕ ಹಾಕದೆ ಪ್ರತಿ ನೋಟ್‌ಬುಕ್ಕಿನಲ್ಲೂ ಎರಡು ಸಾಲು ಬರೆದೆ. 42 ನೋಟ್‌ಬುಕ್ಕಿಗೆ ಎರಡು ಸಂಜೆ ಹಿಡಿಯಿತು, ಕೈ ನೋವು ಬೇರೆ. ಕೊಟ್ಟ ದಿನ ಗಲಾಟೆಯೇ ಗಲಾಟೆ. "ಮಿಸ್, ನನಗೆ ಮಾರ್ಕ್ಸ್ ಹಾಕೋದು ಮರೆತಿದ್ದೀರಿ." ಒಬ್ಬ ಹುಡುಗ ಬೆಳಗ್ಗೆ ಗೇಟಿನ ಹತ್ತಿರ ಕಾದು ನಿಂತು, 'ನನಗೆ ಮಾತ್ರ ಗುಟ್ಟಾಗಿ ಹೇಳಿ, ಹತ್ತಕ್ಕೆ ಎಷ್ಟು' ಎಂದು ಕೇಳಿದ. ನಾಲ್ಕೈದು ಮಕ್ಕಳು ಮಾತ್ರ ಬರೆದದ್ದನ್ನು ತಿದ್ದಿ ಮತ್ತೆ ತಂದರು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಎಂಟು ವರ್ಷದ ಅಭ್ಯಾಸ ಎರಡು ವಾರಕ್ಕೆ ಹೋಗಲ್ಲ. ಐದು ಸೆಕ್ಷನ್ ನೋಡಿಕೊಳ್ಳುವ ಶಿಕ್ಷಕರಿಗೆ ಪ್ರತಿ ವಾರ ಹೀಗೆ ಮಾಡಿ ಎನ್ನುವ ಧೈರ್ಯವೂ ನನಗಿಲ್ಲ. ತಿಂಗಳಿಗೊಂದು ಬರಹಕ್ಕಾದರೂ ಆಗಬಹುದು ಎನಿಸುತ್ತದೆ.

ಹೊರಗಿನಿಂದ ತುಂಬುವುದಲ್ಲವಾದರೆ ಪ್ರೇರಣೆ ಬರುವುದೆಲ್ಲಿಂದ? ಡೆಸಿ ಮತ್ತು ರಯಾನ್ ಇದಕ್ಕೆ ಮೂರು ಬೇರು ಗುರುತಿಸುತ್ತಾರೆ. ಪುಸ್ತಕದ ಪದ ಬಿಟ್ಟು ಹೇಳಿದರೆ, 'ಇದು ನಾನು ಆರಿಸಿಕೊಂಡದ್ದು', 'ಇದು ನನ್ನ ಕೈಲಾಗುತ್ತಿದೆ', 'ಇಲ್ಲಿ ನಾನು ಇವರಿಗೆ ಬೇಕಾದವಳು'. ಈ ಮೂರೂ ಇದ್ದ ಕಡೆ ಮಗುವನ್ನು ತಳ್ಳಬೇಕಾಗಿಲ್ಲ. ಯಾವುದೋ ಒಂದು ತಪ್ಪಿದರೂ ಸ್ಟಾರು, ಬೆತ್ತ ಬೇಕಾಗುತ್ತವೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಮೆರಿಕ ಅಲ್ಲ, ನಮ್ಮೂರ ನಲಿ-ಕಲಿ ಕೋಣೆ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಕಟ್ಟಿದ ಪದ್ಧತಿ. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಅದೇ ವರ್ಷ ನಾನು ಒಂದನೇ ಕ್ಲಾಸಿಗೆ ಸೇರಿದೆ.

ಅಲ್ಲಿ ಬೆಂಚಿರಲಿಲ್ಲ. ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಿದ್ದೆವು. ಗೋಡೆಯ ಮೇಲೆ ಕಲಿಕಾ ಏಣಿ, ಅದರ ಮೆಟ್ಟಿಲುಗಳಲ್ಲಿ ಪುಟ್ಟ ಚಿತ್ರಗಳು. ನಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನಾನೇ ನೋಡಿಕೊಂಡು, ಆ ಚಿತ್ರದ ಕಾರ್ಡನ್ನು ನಾನೇ ತಟ್ಟೆಯಿಂದ ತರಬೇಕು. ಒಂದು ಗುಂಪಿಗೆ ಟೀಚರ್ ಪೂರ್ತಿ ಹೇಳಿಕೊಡುತ್ತಾರೆ, ಒಂದಕ್ಕೆ ಸ್ವಲ್ಪ, ಒಂದರಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ನಮ್ಮಷ್ಟಕ್ಕೆ ನಾವು. ಜ್ವರ ಬಂದು ವಾರ ರಜೆ ಹಾಕಿದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ನಾವು ಬರೆದ ಚಿತ್ರಗಳು ತೂಗಾಡುತ್ತಿದ್ದವು. ಒಳ್ಳೆಯ ಚಿತ್ರ ಮಾತ್ರ ಅಲ್ಲ, ಎಲ್ಲರದ್ದೂ.

ಅಕ್ಷರ ಕಲಿಸುವ ಕ್ರಮವೇ ಬೇರೆ. ಅ ಆ ಇ ಈ ಅಲ್ಲ, ರ ಗ ಸ ದ ಅ. ನಮ್ಮಜ್ಜಿ ಇದನ್ನು ಕೇಳಿ "ಇದ್ಯಾವ ಸೀಮೆ ಅಕ್ಷರಮಾಲೆ ಮಾರಾಯ್ತಿ" ಎಂದು ಅಪ್ಪನ ಹತ್ತಿರ ದೂರು ಹೇಳಿದ್ದರು. ಆದರೆ ಲೆಕ್ಕ ಹಾಕಿ ನೋಡಿ. ಅ ಆ ಇ ಈ ಉ ಕಲಿತ ಮಗುವಿಗೆ ಅವನ್ನು ಜೋಡಿಸಿ ಒಂದು ಪದವನ್ನೂ ಕಟ್ಟಲು ಬಾರದು. ರ ಗ ಸ ದ ಅ ಬಂದ ಮಗು ಮೊದಲ ವಾರಗಳಲ್ಲೇ ಸರ, ದರ, ಅರಸ, ಗರಗಸ ಎಂದು ಬರೆಯುತ್ತದೆ. ಐದೇ ಅಕ್ಷರ, ಅದರಲ್ಲಿ ಜೋಡಿಸಿ ಆಡಲು ಜಾಗ. ಗರಗಸ ಎಂಬ ಪದ ನಾನೇ ಕಂಡುಹಿಡಿದೆ ಎಂದು ನಂಬಿ ಊರೆಲ್ಲ ಹೇಳಿಕೊಂಡು ಬಂದಿದ್ದೆನಂತೆ.

ಆರಿಸಿಕೊಳ್ಳುವುದು, ಕೈಲಾಗುವುದು, ಬೇಕಾದವಳಾಗುವುದು, ಮೂರೂ ಆ ಕೋಣೆಯಲ್ಲಿದ್ದವು. ಎಲ್ಲ ಕಡೆ ಹೀಗೇ ಇತ್ತು ಎಂದಲ್ಲ. ಕಾರ್ಡು ಹರಿದರೆ ಹೊಸದು ಬೇಗ ಬರುತ್ತಿರಲಿಲ್ಲ. ಒಬ್ಬರೇ ಟೀಚರ್, ಮೂರು ತರಗತಿ, ಜೊತೆಗೆ ಬಿಸಿಯೂಟದ ಲೆಕ್ಕ. ಏಣಿ ಬರೀ ಗೋಡೆಯ ಅಲಂಕಾರವಾಗಿದ್ದ ಶಾಲೆಗಳನ್ನೂ ಆಮೇಲೆ ನೋಡಿದ್ದೇನೆ. ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ನಲಿ-ಕಲಿ ಮುಗಿದ ಮೇಲೆ, ನಾಲ್ಕನೇ ಕ್ಲಾಸಿನಲ್ಲಿ. ಏಣಿ ಇಲ್ಲ, ತಟ್ಟೆ ಇಲ್ಲ. ಸಾಲಾಗಿ ಕೂತು, ಎಲ್ಲರೂ ಒಂದೇ ಪುಟ ತೆಗೆದು, ಬೋರ್ಡಿನಿಂದ ಪ್ರಶ್ನೋತ್ತರ ಬರೆದುಕೊಳ್ಳಬೇಕು. ಮೊದಲ ದಿನ ಎದ್ದು ಹೋಗಿ ಕಪಾಟಿನಲ್ಲಿ ಕಾರ್ಡು ಹುಡುಕಿ ಬೈಸಿಕೊಂಡೆ.

ಇಷ್ಟು ಓದಿದವರು 'ಹಾಗಾದರೆ ಬಾಯಿಪಾಠವೇ ಶತ್ರು' ಎಂದುಕೊಂಡರೆ ನನ್ನ ಒಪ್ಪಿಗೆ ಇಲ್ಲ. ನಮ್ಮ ದೊಡ್ಡಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಗೊತ್ತಿಲ್ಲದವರಿಗೆ: ಯಕ್ಷಗಾನದ ಪ್ರಸಂಗವನ್ನೇ ವೇಷ, ಕುಣಿತ ಇಲ್ಲದೆ ಕೂತು ನಡೆಸುವುದು ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ. ಪದ್ಯ ಮೊದಲೇ ಬರೆದಿಟ್ಟದ್ದು. ಅದರ ಮೇಲೆ ಅರ್ಥಧಾರಿ ಆಡುವ ಮಾತಿಗೆ ಬರಹ ಇಲ್ಲ, ಆ ಕ್ಷಣಕ್ಕೆ ಹುಟ್ಟಬೇಕು. ಎದುರಿಗೆ ಕೂತ ಕರ್ಣನೋ ಕೃಷ್ಣನೋ ಯಾವ ಪಟ್ಟು ಹಾಕುತ್ತಾನೆ ಎಂದು ಮೊದಲೇ ಗೊತ್ತಿರುವುದಿಲ್ಲ. ದೊಡ್ಡಪ್ಪ ಆ ಕ್ಷಣದಲ್ಲಿ ಹೊಸ ಮಾತು ಹುಟ್ಟಿಸುವುದು ಖಾಲಿ ತಲೆಯಿಂದ ಅಲ್ಲ. ನೂರಾರು ಪದ್ಯ, ಪುರಾಣದ ಉಪಕತೆಗಳು ಅವರ ನಾಲಿಗೆಯ ಮೇಲೆ ಕಾದಿರುತ್ತವೆ. ನಾನು 98 × 25 ಅನ್ನು ತಿರುಗಿಸಿ ನೋಡಲು ಆದದ್ದೂ ಇಪ್ಪತ್ತೈದರ ಮಗ್ಗಿ ಬರುತ್ತಿದ್ದರಿಂದಲೇ. ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳುವುದು ಕೆಲವೇ ಸಂಗತಿಗಳನ್ನು. ಮಗ್ಗಿಯನ್ನೇ ಬೆರಳೆಣಿಸಿ ಹುಡುಕುತ್ತಿದ್ದರೆ ಉಪಾಯಕ್ಕೆ ಜಾಗ ಉಳಿಯುವುದಿಲ್ಲ. ಬಾಯಿಪಾಠ ತಪ್ಪಲ್ಲ, ಅಲ್ಲಿಗೇ ನಿಲ್ಲಿಸುವುದು ತಪ್ಪು.

ದೊಡ್ಡಪ್ಪನಿಗೆ ಇದರಿಂದ ದುಡ್ಡೂ ಇಲ್ಲ. ಹಗಲೆಲ್ಲ ತೋಟದ ಕೆಲಸ ಮಾಡಿ, ಸಂಜೆ ಬೈಕ್ ಹತ್ತಿ ಹೋದರೆ ಬರುವುದು ಮಧ್ಯರಾತ್ರಿ. ಯಾಕೆ ಎಂದು ಕೇಳಿದರೆ, "ನಿನ್ನೆ ಅವ ಕೇಳಿದ ಪ್ರಶ್ನೆಗೆ ನಂಗೆ ಇವತ್ತು ಉತ್ತರ ಹೊಳೀತು" ಎನ್ನುತ್ತಾರೆ.

ಆ 'ಇವತ್ತು ಹೊಳೀತು' ಎನ್ನುವುದಕ್ಕೂ ಓದಿನಲ್ಲಿ ಜಾಗವಿದೆ. ಗ್ರಹಾಂ ವಾಲಸ್ ಎಂಬ ಇಂಗ್ಲಿಷ್ ಚಿಂತಕ 1926ರಲ್ಲಿ ಹೊಸ ಯೋಚನೆ ಹುಟ್ಟುವ ನಾಲ್ಕು ಹಂತ ಹೇಳಿದರು. ಮೊದಲು ಮೈಮುರಿದು ತಯಾರಿ. ಆಮೇಲೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು. ಆಮೇಲೆ ಫಕ್ಕನೆ ಹೊಳೆಯುವುದು. ಕೊನೆಗೆ ಅದು ಸರಿಯೇ ಎಂದು ಒರೆಗೆ ಹಚ್ಚುವುದು. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ, ದಿನಗಟ್ಟಲೆ ಕಾಡಿದ್ದ ಲೆಕ್ಕದ ಸುಳಿವು ಪ್ರವಾಸದಲ್ಲಿ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಹೊಳೆಯಿತು ಎಂದು ಹೇಳಿಕೊಂಡಿದ್ದಾರೆ. ನಮ್ಮ ಟೈಮ್‌ಟೇಬಲ್ಲಿನಲ್ಲಿ ಮೊದಲ ಮತ್ತು ಕೊನೆಯ ಹಂತಕ್ಕೆ ಪೀರಿಯಡ್ ಇದೆ. ನಡುವಿನ ಎರಡಕ್ಕೆ ಇಲ್ಲ. ಗಂಟೆ ಹೊಡೆದರೆ ಇತಿಹಾಸ ಮುಗಿದು ಇಂಗ್ಲಿಷ್.

ದಿನಗಳ ಮಾತು ಬಿಡಿ, ಸೆಕೆಂಡುಗಳೂ ಇಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಕೂತರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ'ಗಳು ಇಳಿದವು, ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು. ನಾನು ಇದನ್ನು ಓದಿ, ಪಾಠ ಮಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳಿದರೆ ನಾಚಿಕೆಯಾಯಿತು. ಪ್ರಶ್ನೆ ನಾನೇ ಕೇಳಿ, ಒಂದು ಉಸಿರೂ ಬಿಡದೆ ಅರ್ಧ ಉತ್ತರ ನಾನೇ ಹೇಳಿ, ಉಳಿದರ್ಧವನ್ನು ಮಕ್ಕಳ ಬಾಯಲ್ಲಿ ಕೋರಸ್ ಹೇಳಿಸುತ್ತಿದ್ದೆ. "ಸಸ್ಯಗಳು ಆಹಾರ ತಯಾರಿಸುವ ಕ್ರಿಯೆಗೆ ದ್ಯುತಿ..." "ಸಂಶ್ಲೇಷಣೆ ಮಿಸ್!" ಆಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಲು ಶುರು ಮಾಡಿದೆ. ತರಗತಿಯ ಮುಂದೆ ನಿಂತವರಿಗೆ ಮೂರು ಸೆಕೆಂಡಿನ ಮೌನ ಎಷ್ಟು ಉದ್ದ ಎಂದು ನಿಂತು ನೋಡಿದವರಿಗೇ ಗೊತ್ತು.

ಹೊಗಳಿಕೆಯ ಬಗ್ಗೆ ಒಂದು ಮಾತು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿದ ಹಾಗೆ, 'ನೀನು ಜಾಣ' ಎಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಸುಲಭದ ಸಮಸ್ಯೆಗಳಿಗೆ ಅಂಟಿಕೊಂಡರು, ಒಮ್ಮೆ ಸೋತ ಮೇಲೆ ಕುಸಿದರು. 'ಚೆನ್ನಾಗಿ ಪ್ರಯತ್ನ ಮಾಡಿದೆ' ಎನಿಸಿಕೊಂಡವರು ಕಷ್ಟದ್ದಕ್ಕೆ ಕೈ ಹಾಕಿದರು. ಯಾಕೆಂದರೆ ಜಾಣ ಎಂಬ ಬಿರುದು ಕಳೆದುಕೊಳ್ಳುವ ಭಯ ಅವರಿಗಿರಲಿಲ್ಲ. ಈಗ ಇದರ ಪೋಸ್ಟರುಗಳು ಶಾಲೆಯ ಗೋಡೆಗಳಿಗೆಲ್ಲ ಬಂದಿವೆ. ಪೋಸ್ಟರಿನಿಂದ ಆಗುವುದು ಸ್ವಲ್ಪವೇ. ಅಮೆರಿಕದಲ್ಲಿ ಸುಮಾರು 12,000 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪ್ರಯತ್ನದಿಂದ ಬುದ್ಧಿ ಬೆಳೆಯುತ್ತದೆ ಎಂಬ ಮನೋಭಾವ ಕಲಿಸುವ ಪುಟ್ಟ ಪಾಠದಿಂದ ಓದಿನಲ್ಲಿ ಹಿಂದುಳಿದ ಮಕ್ಕಳ ಗ್ರೇಡು 4.3ಕ್ಕೆ 0.1ರಷ್ಟು ಏರಿತು. ಇಲ್ಲವೆನ್ನುವ ಹಾಗಿಲ್ಲ, ಪವಾಡವೂ ಅಲ್ಲ.

ನಮ್ಮ ವ್ಯವಸ್ಥೆ ಸೃಜನಶೀಲತೆಯನ್ನು ಮರೆತಿದೆ ಎಂದೇನೂ ಅಲ್ಲ. ಎಫ್‌ಎಗಳಲ್ಲಿ ಚಟುವಟಿಕೆ, ಪ್ರಾಜೆಕ್ಟ್ ಇಟ್ಟದ್ದೇ ಅದಕ್ಕಾಗಿ. ಆದರೆ ಪ್ರಾಜೆಕ್ಟಿಗೂ ಅಂಕ, ಅಂಕಕ್ಕೆ ಕೊನೆಯ ದಿನ. ಮಕ್ಕಳು ಸುದ್ದಿಯನ್ನು ಸರಿಯಾಗಿಯೇ ಓದಿಕೊಂಡರು. ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ 'ನೀರಿನ ಸಂರಕ್ಷಣೆ' ಪ್ರಾಜೆಕ್ಟ್ ರೆಡಿ ಇರುತ್ತದೆ, ಕಲರ್ ಪ್ರಿಂಟಿಗೆ ದುಡ್ಡು ಜಾಸ್ತಿ. ನಾನು ತಿದ್ದಿದ 42 ಪ್ರಾಜೆಕ್ಟುಗಳಲ್ಲಿ 19ಕ್ಕೆ ಒಂದೇ ಮುಖಪುಟ, ಅದೇ ಹನಿ, ಅದೇ ಹಸಿರು ಭೂಮಿ. ನೀರಿನ ಕ್ಯೂನಲ್ಲಿ ಇಟ್ಟಿಗೆ ಇಡುವ ಹುಡುಗಿಯದೂ ಅದರಲ್ಲಿತ್ತು. ಅವಳ ಬೀದಿಯಲ್ಲಿ ನಲ್ಲಿ ವಾರಕ್ಕೆ ಎಷ್ಟು ಸಲ ಬರುತ್ತದೆ, ಕ್ಯೂನಲ್ಲಿ ಯಾರು ಜಗಳ ತೆಗೆಯುತ್ತಾರೆ, ಎಷ್ಟು ಕೊಡಕ್ಕೆ ನೀರು ನಿಲ್ಲುತ್ತದೆ, ಎಲ್ಲ ಅವಳಿಗೆ ಗೊತ್ತು. ಅದು ಪ್ರಾಜೆಕ್ಟ್ ಆಗಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇಂಟರ್ನ್‌ಶಿಪ್ಪಿನ ಕೊನೆಯ ದಿನ ಮಕ್ಕಳು ಪೆನ್ನು, ಗ್ರೀಟಿಂಗ್ ಕಾರ್ಡು ತಂದುಕೊಟ್ಟರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಡಚಿದ ಹಾಳೆಯೊಂದನ್ನು ಕೈಗಿಟ್ಟ. ತೆಗೆದು ನೋಡಿದರೆ ಇಟ್ಟಿಗೆಯ ಪಟ್ಟಿ. ಅವತ್ತು ತರಗತಿಯಲ್ಲಿ ಬರೆದ 9 ಆದ ಮೇಲೂ ಮನೆಯಲ್ಲಿ ಮುಂದುವರಿಸಿದ್ದ, ಒಟ್ಟು 31. ಪೆನ್ನಿನ ಬಣ್ಣ ಮೂರು ಸಲ ಬದಲಾಗಿತ್ತು. 17ನೆಯದು 'ಅಜ್ಜನಿಗೆ' ಎಂದಷ್ಟೇ ಇತ್ತು.

ಇದೇನೋ ಎಂದು ಕೇಳಿದೆ. ಒಂದು, ಎರಡು, ಮೂರು ಎಣಿಸಿದೆ.

"ಅಜ್ಜನಿಗೆ ಮಲಗಿದರೆ ಉಸಿರು ಕಟ್ಟುತ್ತೆ ಮಿಸ್. ಮಂಚದ ತಲೆ ಕಡೆ ಕಾಲಿಗೆ ಒಂದೊಂದು ಇಟ್ಟಿದ್ದೀವಿ."